ಗ್ರಾಫಿನಲ್ಲೊಂದು ಗುಡ್ಡ

ತನ್ನ ಕೈ ಒಂದನ್ನು ಬಿಟ್ಟು ಲೋಕದ ಉಳಿದ ಕೈಗಳೆಲ್ಲ ಕೊಳೆ ಎಂದು ನಂಬಿ ಬಾಳುವುದರಲ್ಲಿ ಒಂದು ಸುಖವಿದೆ. ನಮ್ಮಜ್ಜಿ ಮಡಿಯಲ್ಲಿ ಕಂಡ ಆ ಸುಖವನ್ನು ನಾನು ವಡೋದರಾದ ಪ್ರಯೋಗಾಲಯವೊಂದರಲ್ಲಿ ಬಹುಕಾಲ ಅನುಭವಿಸಿದೆ. ನನ್ನ ಕಸುಬು ಇಷ್ಟೇ: ಇಂಗಾಲದ ಮೇಲೆ ಲೇಸರ್ ಬೆಳಕು ಬಿಟ್ಟು, ಚದುರಿ ಬಂದದ್ದನ್ನು ನೋಡುವುದು. ಬೆಳಕು ಬಹುಪಾಲು ಹೋದ ಬಣ್ಣದಲ್ಲೇ ಮರಳುತ್ತದೆ; ಎಲ್ಲೋ ಒಂದಿಷ್ಟು ಮಾತ್ರ ಪರಮಾಣುಗಳ ನಡುಕಕ್ಕೆ ಸಿಕ್ಕಿ ಬಣ್ಣ ಬದಲಿಸಿಕೊಂಡು ಬರುತ್ತದೆ. ಅದನ್ನು ಗ್ರಾಫ್ ಮಾಡಿದರೆ ಚೂಪು ಶಿಖರಗಳು ಏಳುತ್ತವೆ. ಒಂದು ಶಿಖರ ಪರಮಾಣುಗಳ ಹೆಣಿಗೆ ಚೆನ್ನಾಗಿದೆ ಎನ್ನುತ್ತದೆ, ಇನ್ನೊಂದು ಎಲ್ಲೋ ದೋಷವಿದೆ ಎನ್ನುತ್ತದೆ. ಒಂದೇ ಪರಮಾಣು ದಪ್ಪದ ಹಾಳೆ ಗ್ರ್ಯಾಫೀನ್. ಅದನ್ನು ಇಲ್ಲಿನವರು ಕಡಲೆಹಿಟ್ಟಿನ ಖಾಂಡ್ವಿ ಸುತ್ತುವಂತೆ ಸುತ್ತಿದರೆ ನ್ಯಾನೋಟ್ಯೂಬ್.

ನನ್ನ ವಿದ್ಯಾರ್ಥಿನಿ ಹೇತಲ್ ತಿಂಗಳುಗಟ್ಟಲೆ ಕುಲುಮೆಯ ಮುಂದೆ ಕೂತು ಬೆಳೆಸಿದ ನ್ಯಾನೋಟ್ಯೂಬು ಶಿಖರವನ್ನೇ ತೋರಿಸಲಿಲ್ಲ. ಗ್ರಾಫಿನ ಉದ್ದಕ್ಕೂ ದೊಡ್ಡದೊಂದು ಗುಡ್ಡ ಮಲಗಿತ್ತು. ಹೀಗೇ ಆದರೆ ಅಷ್ಟನ್ನೂ ಎಸೆದು ಮೊದಲಿನಿಂದ ಬೆಳೆಸಬೇಕು. ಅವಳ ಪಿಎಚ್‌ಡಿ ಅಲ್ಲಿಗೆ ನಿಂತಂತೆಯೇ. ಲೇಸರಿಗೆ ಅರಿಶಿನ ಹೊಳೆದರೆ ಇಂಥ ಗುಡ್ಡ ಏಳುತ್ತದೆಂದು ನನಗೆ ಗೊತ್ತಿತ್ತು. ಅವಳ ಡಬ್ಬಿಯಲ್ಲಿ ದಿನವೂ ಥೇಪ್ಲಾ ಎಂಬ ಹಳದಿ ಮೆಂತ್ಯರೊಟ್ಟಿ ಇರುವುದೂ ಗೊತ್ತಿತ್ತು.

"ಇದು ನಿನ್ನ ಥೇಪ್ಲಾ ಕಣಮ್ಮಾ" ಎಂದೆ.

"ಗ್ಲೌಸ್ ಹಾಕಿದ್ದೆ ಸರ್."

"ಥೇಪ್ಲಾ ಗ್ಲೌಸನ್ನೂ ದಾಟುತ್ತೆ."

ಪರಮಾಣುವಿನ ನಡುಕ ಹಿಡಿಯುವ ಯಂತ್ರದ ಪಕ್ಕದಲ್ಲೇ ಕೂತಿದ್ದೆ; ಆ ಹುಡುಗಿಯ ದನಿಯ ನಡುಕ ನನಗೆ ಕೇಳಿಸಲಿಲ್ಲ.

ಮರುದಿನ ಮಧ್ಯಾಹ್ನ, ನ್ಯಾನೋಟ್ಯೂಬು ಕದಡಿಟ್ಟಿದ್ದ ಅದೇ ದ್ರಾವಣದ ಸೀಸೆಯಿಂದ ಹೊಸ ಗಾಜಿನ ಮೇಲೆ ಹನಿ ಹಾಕಿಕೊಟ್ಟಳು. ಎಂದಿನಂತೆ ನಾನೇ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ. ಇಂಥ ನಾಜೂಕಿನ ಕೆಲಸಕ್ಕೆ ಗ್ಲೌಸಿನ ಕೈ ಆಗದು. ಬೇರೆಯವರ ಕೈಯಂತೂ ಆಗಲೇಬಾರದು. ಗುಡ್ಡ ಎದ್ದಿತು.

"ನೋಡು, ಮತ್ತೆ ಥೇಪ್ಲಾ!"

"ಸರ್, ಇವತ್ತು ಅಗಿಯಾರಸ್, ಏಕಾದಶಿ" ಎಂದಳು. ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. "ಸಾಬೂದಾಣಾ, ನಿಮ್ಮ ಸಬ್ಬಕ್ಕಿ, ಬಿಟ್ಟು ಬೇರೇನೂ ಮುಟ್ಟಿಲ್ಲ. ಉಪವಾಸಕ್ಕೆ ನಮ್ಮನೇಲಿ ಅರಿಶಿನ ಹಾಕೋದೇ ಇಲ್ಲ. ನೀವೇನು ತಿಂದ್ರಿ ಸರ್?"

ನಾನು ತಿಂದದ್ದು, ಹಿಂದಿನ ದಿನದಂತೆಯೇ, ಚಿತ್ರಾನ್ನ. ಐದೂ ಬೆರಳಿಂದ. ಕೈ ತೊಳೆದಿದ್ದೆ, ನಿಜ. ಆದರೆ ಒಗ್ಗರಣೆಯ ಎಣ್ಣೆ ಬರೀ ನೀರಿಗೆ ಹೆದರುವ ಜಾತಿಯದಲ್ಲ. ಹೇತಲ್ ನನ್ನ ಹೆಬ್ಬೆರಳನ್ನು ಖಾಲಿ ಗಾಜಿಗೆ ಒತ್ತಿಸಿ ಲೇಸರ್ ಬಿಟ್ಟಳು. ಗುಡ್ಡ. ಬಳಿಕ ಇನ್ನೊಂದು ಗಾಜಿಗೆ ತನ್ನ ಹನಿ ಹಾಕಿ, ನನ್ನನ್ನು ದೂರ ನಿಲ್ಲಿಸಿ, ತಾನೇ ಇಟ್ಟಳು. ಶಿಖರಗಳು ಸೂಜಿಯಂತೆ ಎದ್ದವು. ದೋಷದ ಶಿಖರವನ್ನು ಮಾತ್ರ ನಾನು ಕನ್ನಡಕ ಒರೆಸಿಕೊಂಡು ಹುಡುಕಬೇಕಾಯಿತು.

ಸಂಜೆ ಮನೆಗೆ ಬಂದು, ಅರಿಶಿನ ಹಾಕದೆ ಚಿತ್ರಾನ್ನ ಆದೀತೇ ಎಂದು ಹೆಂಡತಿಯನ್ನು ಕೇಳಿದೆ. "ಯಾಕ್ರೀ, ಯಾರ್ದು ತಿಥಿ?" ಎಂದಳು.

ವಿಜ್ಞಾನದಲ್ಲಿ ಭಾಗ್ಯವಂತರ ಹೆಸರನ್ನು ಪರಿಣಾಮಗಳಿಗೋ ನಿಯಮಗಳಿಗೋ ಇಡುತ್ತಾರೆ. ನನಗೂ ಆ ಆಸೆ ಇತ್ತು. ಈಗ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ 'ಸರ್ ನೋ ಡುಂಗರ್', ಅಂದರೆ 'ಸರ್ ಅವರ ಗುಡ್ಡ' ಎಂಬ ಗ್ರಾಫೊಂದಿದೆ. ಯಾರ ಅಳತೆ ಕೆಟ್ಟರೂ ಮೊದಲು ಅದರ ಜೊತೆ ಹೋಲಿಸಿ ನೋಡುತ್ತಾರೆ. ಹೊಂದಿಕೆಯಾದರೆ ಸದ್ದಿಲ್ಲದೆ ಒಂದು ಸೋಪು ತಂದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ.