ಸ್ವೀಕೃತಿ ಸಂಖ್ಯೆ ೪೧೨ರ ಕಾಂಕ್ರೀಟ್ ತುಂಡನ್ನು ಹಿಂದಿರುಗಿಸಲಾಗದ ಕುರಿತು

ರಸ್ತೆ ನಿರ್ವಹಣಾ ಕಚೇರಿಯ ಸ್ಥಳ ಪರಿಶೀಲನಾಧಿಕಾರಿಗಳಿಗೆ, ಅವರ ಮೇಲಿರುವ, ಕೆಳಗಿರುವ ಹಾಗೂ ಸದ್ಯಕ್ಕೆ ಕುರ್ಚಿಯಲ್ಲಿಲ್ಲದ ಎಲ್ಲ ಮಹನೀಯರಿಗೆ, ಇದೇ ಊರಿನ ಒಬ್ಬ ಲಿಫ್ಟ್ ಮೆಕ್ಯಾನಿಕ್ ಬಗ್ಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ದಯಮಾಡಿ ಕಳಿಸಿದ ನೋಟಿಸು ನಿನ್ನೆ ಮಧ್ಯಾಹ್ನ ನನ್ನ ಕೈಸೇರಿತು. ತಮ್ಮ ಟಪಾಲು ವಿಭಾಗದಲ್ಲಿ ಸ್ವೀಕೃತಿ ಸಂಖ್ಯೆ ೪೧೨ರಂತೆ ದಾಖಲಾಗಿರುವ ಕಾಂಕ್ರೀಟ್ ತುಂಡೊಂದು ನನ್ನ ವಶದಲ್ಲಿರುವುದು ತಿಳಿದುಬಂದಿದೆಯೆಂದೂ, ಅದು ಸರ್ಕಾರಿ ಸ್ವತ್ತಾಗಿದ್ದು ಎರಡು ದಿನಗಳೊಳಗೆ ಹಿಂದಿರುಗಿಸದಿದ್ದಲ್ಲಿ ಕ್ರಮ ಜರುಗಿಸಲಾಗುವುದೆಂದೂ ಅದರಲ್ಲಿ ಬರೆದಿತ್ತು. ಒಂದು ತುಂಡು ಕಾಂಕ್ರೀಟಿನ ಮೇಲೆ ಒಂದು ಕಚೇರಿ ಇಷ್ಟು ಅಕ್ಕರೆ ಇಟ್ಟುಕೊಳ್ಳಬಹುದೆಂದು ನನಗೆ ಗೊತ್ತಿರಲಿಲ್ಲ. ಅದೇ ತುಂಡು ನಡುರಸ್ತೆಯಲ್ಲಿ ಅನಾಥವಾಗಿ ಬಿದ್ದಿದ್ದಾಗ ಈ ಅಕ್ಕರೆ ಎಲ್ಲಿತ್ತು ಎಂದು ಕೇಳುವಷ್ಟು ಒರಟ ನಾನಲ್ಲ. ಕೆಲವರಿಗೆ ಪ್ರೀತಿ ತಡವಾಗಿ ಹುಟ್ಟುತ್ತದೆ.

ಆದರೂ ತುಂಡನ್ನು ಹಿಂದಿರುಗಿಸಲು ಸಾಧ್ಯವಾಗುತ್ತಿಲ್ಲ. ಇದು ಬಹಿರಂಗ ಪತ್ರವಾದ್ದರಿಂದ, ವಿಷಯ ತಿಳಿಯದ ಓದುಗರ ಅನುಕೂಲಕ್ಕಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಈ ತಿಂಗಳ ಎಂಟನೇ ತಾರೀಖು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಾನು ಮೋಟಾರ್ ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟಿದ್ದೆ. ಮೇಲ್ಸೇತುವೆ ಇಳಿದು ಎಡಕ್ಕೆ ತಿರುಗುವ ಕಡೆ, ಟೈಲ್ಸ್ ಅಂಗಡಿಯ ಎದುರು, ನನ್ನ ಮುಂದಿದ್ದ ಲಾರಿ ಆ ತುಂಡನ್ನು ತನ್ನ ಚಕ್ರಗಳ ನಡುವೆ ಬಿಟ್ಟುಕೊಂಡು ಹೋಯಿತು. ಲಾರಿ ಸರಿದಾಗ ತುಂಡಿಗೂ ನನಗೂ ನಡುವೆ ಹೆಚ್ಚೆಂದರೆ ಎರಡು ಮಾರು. ಬಲಗಡೆ ಬಸ್ಸು, ಎಡಗಡೆ ಚರಂಡಿ. ಹೀಗೆ ಆಯ್ಕೆಯ ಕಷ್ಟವನ್ನು ತಪ್ಪಿಸಿ ತುಂಡಿನ ಕಡೆಗೇ ನೇರವಾಗಿ ಹೋಗುವಂತೆ ರಸ್ತೆಯನ್ನು ರೂಪಿಸಿದ ತಮ್ಮ ಎಂಜಿನಿಯರುಗಳಿಗೆ ನಾನು ಋಣಿ. ಮುಂದಿನ ಚಕ್ರ ಅದಕ್ಕೆ ಬಡಿದು, ಹ್ಯಾಂಡಲು ಕೈಯಿಂದ ಕಿತ್ತುಕೊಳ್ಳುವಂತೆ ಒದರಿ, ಟೈರು ಬುಸ್ಸೆಂದು ಉಸಿರು ಬಿಟ್ಟಿತು. ನಾನು ಬೀಳಲಿಲ್ಲ. ಈ ಅಚಾತುರ್ಯಕ್ಕೆ ಮುಂದೆ ಅನುಭವಿಸಬೇಕಾಯಿತು, ತಮ್ಮ ಗುಮಾಸ್ತರು ಮೊದಲು ಕೇಳಿದ ಪ್ರಶ್ನೆಯೇ, "ಬಿದ್ದಿಲ್ಲ ಅಂದ್ಮೇಲೆ ಅಪಘಾತ ಹೇಗಾಗತ್ತೆ ಹೇಳಿ?"

ಇನ್ನೊಬ್ಬರು ಬಂದು ಹಾಯಬಾರದೆಂದು ತುಂಡನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಅದೇ ನಾನು ಮಾಡಿದ ಎರಡನೇ ತಪ್ಪು. ತರಕಾರಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ನಾಲ್ಕು ಕಿಲೋ ಆರುನೂರು ಗ್ರಾಂ ಇತ್ತು. ಒಂದು ಮೈಗೆ ಹಳದಿ, ಕಪ್ಪು ಪಟ್ಟಿಯ ಬಣ್ಣ. ಈ ಊರಿನಲ್ಲಿ ಆ ಬಣ್ಣವನ್ನು ರಸ್ತೆ ವಿಭಜಕಗಳಿಗೆ ಬಳಿಯುವವರು ಯಾರು ಎಂಬ ಗಹನವಾದ ಪ್ರಶ್ನೆಯನ್ನು ನಾನು ತಮ್ಮ ತನಿಖೆಗೇ ಬಿಡುತ್ತೇನೆ. ತುಂಡನ್ನು ಮನೆಗೆ ತಂದಾಗ ನನ್ನ ಹೆಂಡತಿ ಸಂತೋಷಪಟ್ಟಳು. "ಬಾಗಿಲಿಗೆ ಅಡ್ಡ ಇಡಕ್ಕೆ ಒಂದು ಕಲ್ಲು ತನ್ನಿ ಅಂತ ಮೂರು ವರ್ಷದಿಂದ ಬಡ್ಕೋತಿದೀನಿ, ಅಂತೂ ತಂದ್ರಲ್ಲ!" ಎಂದಳು. ಅದು ಸಾಕ್ಷಿ, ಮುಟ್ಟಬೇಡ ಎಂದೆ. "ಹೌದೇನ್ರೀ, ಹಾಗಾದ್ರೆ ನಿಮ್ಮ ಸಾಕ್ಷೀನ ಊಟದ ಮೇಜಿನ ಮೇಲಿಂದ ಕೆಳಗಿಳಿಸಿ" ಎಂದಳು.

ಚಕ್ರದ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಎಲ್ಲರೂ ಟೈರಣ್ಣ ಎಂದು ಕರೆಯುವ ರಿಪೇರಿಯವರು ಅದನ್ನು ಬಿಚ್ಚಿ, ನೆಟ್ಟಗೆ ನಿಲ್ಲಿಸಿ, ಕೈಯಲ್ಲೇ ಒಂದು ಸುತ್ತು ತಿರುಗಿಸಿದರು. ಅಂಚು ಒಳಕ್ಕೆ ಸೊಟ್ಟಗಾಗಿತ್ತು. ಅದರ ಪಕ್ಕದಲ್ಲಿ ಎರಡು ಬೆರಳಿನಷ್ಟು ಉದ್ದದ ಬಿರುಕು. "ಬರೀ ಸೊಟ್ಟ ಆಗಿದ್ರೆ ನೆಟ್ಟಗೆ ಮಾಡ್ಕೊಡ್ತಿದ್ದೆ ಯಜಮಾನ್ರೇ, ಬಿರುಕಿಗೆ ನಾನು ಕೈ ಹಾಕಲ್ಲ. ಬೆಸುಗೆ ಹಾಕಿದ್ರೆ ಹತ್ತು ದಿನ ಓಡತ್ತೆ, ಹನ್ನೊಂದನೇ ದಿನ ನಿಮ್ಮನೇ ಎತ್ಕೊಂಡು ಹೋಗತ್ತೆ" ಎಂದರು. ಹೊಸ ಚಕ್ರವೇ ಆಗಬೇಕು.

ನಮ್ಮ ಕಂಪನಿಯ ನಿಯಮದಂತೆ, ಕೆಲಸದ ಮೇಲೆ ಹೋಗುವಾಗ ಗಾಡಿಗೆ ಪೆಟ್ಟಾದರೆ ಚಕ್ರವನ್ನು ಕಂಪನಿಯೇ ಹಾಕಿಸಿಕೊಡುತ್ತದೆ. ಆದರೆ ರಸ್ತೆಯ ದೋಷದಿಂದಲೇ ಹಾಗಾಯಿತೆಂದು ರಸ್ತೆ ಕಚೇರಿಯ ಮೊಹರಿರುವ ದಾಖಲೆ ಬೇಕು. ಅದು ಹದಿನೈದು ದಿನದೊಳಗೆ ಬರದಿದ್ದರೆ, ಗಾಡಿಯಿಲ್ಲದ ಮೆಕ್ಯಾನಿಕ್ಕನ್ನು ಗೋದಾಮಿಗೆ ಹಾಕುತ್ತಾರೆ, ಬೋಲ್ಟು ಎಣಿಸಲಿಕ್ಕೆ. ನಾನು ಹದಿನೆಂಟು ವರ್ಷದಿಂದ ಮಾಡುತ್ತಿರುವ ಕೆಲಸ ಒಂದೇ: ಲಿಫ್ಟು ನಡುವೆ ನಿಂತಾಗ ಒಳಗೆ ಸಿಕ್ಕಿಕೊಂಡವರನ್ನು ಹೊರಗೆ ತರುವುದು. ಗಾಡಿ ಇಲ್ಲದ ಮೊದಲ ವಾರದಲ್ಲಿ, ಏಳನೇ ಮಹಡಿಗೂ ಎಂಟನೇ ಮಹಡಿಗೂ ನಡುವೆ, ಒಬ್ಬ ಅಜ್ಜಿ ಐವತ್ತು ನಿಮಿಷ ಕತ್ತಲಲ್ಲಿ ಕೂತಿದ್ದರು. ನಾನು ಎರಡು ಬಸ್ಸು ಹಿಡಿದು ಹೋಗಿ ಬಾಗಿಲು ತೆರೆದಾಗ ಬೈಯಲಿಲ್ಲ, "ಬಂದ್ಯೇನಪ್ಪಾ" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆ ದಾಖಲೆಗಾಗಿ, ಚಕ್ರಕ್ಕೆ ಪೆಟ್ಟಾದ ಮರುದಿನವೇ ತುಂಡನ್ನು ಹೊತ್ತು ತಮ್ಮ ಮುಂದೆ ಬಂದಿದ್ದೆ. ತಾವು ಕನ್ನಡಕ ಏರಿಸಿ ಅದನ್ನು ನೋಡಿ, ಒಂದು ಅಪ್ಪಣೆ ದಯಪಾಲಿಸಿದಿರಿ. ರಸ್ತೆಯಲ್ಲಿರುವ ವಸ್ತುವನ್ನು ರಸ್ತೆಯಲ್ಲಿ ಮಾತ್ರ ಪರಿಶೀಲಿಸಲು ಅವಕಾಶವಿದೆ, ಮೇಜಿನ ಮೇಲಿರುವುದು ಕೇವಲ ವಸ್ತು. ಆದ್ದರಿಂದ ಅರ್ಜಿದಾರನು ಸದರಿ ವಸ್ತುವನ್ನು ಮೊದಲಿದ್ದ ಸ್ಥಳದಲ್ಲಿಯೇ ಮೊದಲಿದ್ದಂತೆಯೇ ಇಟ್ಟು, ಹದಿನೆಂಟನೇ ತಾರೀಖು ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ನಡೆಯುವ ಪರಿಶೀಲನೆಯವರೆಗೆ ಸ್ಥಳದಲ್ಲಿ ಹಾಜರಿರತಕ್ಕದ್ದು. ಲಿಖಿತ ಅಪ್ಪಣೆ, ಸಹಿ ಸಮೇತ. ನನ್ನ ಕಸುಬಿನಲ್ಲಿ ಈ ಸೂಕ್ಷ್ಮ ಇನ್ನೂ ಬಂದಿಲ್ಲ. ಲಿಫ್ಟಿನಿಂದ ಹೊರಗೆ ಬಂದವರನ್ನು, ಸಿಕ್ಕಿಕೊಂಡಿದ್ದು ನಿಜವೇ ಎಂದು ನೋಡಲು ಮತ್ತೆ ಒಳಗೆ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ. ಇದು ನಮ್ಮ ಹಿಂದುಳಿದಿರುವಿಕೆಗೆ ಸಾಕ್ಷಿ.

ಹದಿನೆಂಟರಂದು ರಜೆ ಹಾಕಿ, ತುಂಡನ್ನು ನಡುರಸ್ತೆಯಲ್ಲಿ ಮೊದಲಿದ್ದಂತೆಯೇ ಇಟ್ಟು ನಿಂತೆ. ಅದನ್ನು ಹಾಗೇ ಬಿಟ್ಟರೆ ಯಾರದೋ ಮೂಳೆ ಮುರಿಯುತ್ತದೆಂದು, ನನ್ನ ಬಳಿ ಇದ್ದ ಒಂದೇ ಹಳದಿ ಫಲಕವನ್ನು ಅದರ ಹಿಂದೆ ನಿಲ್ಲಿಸಿದೆ. ಅದರ ಮೇಲೆ ನಮ್ಮ ಕಂಪನಿಯ ಹೆಸರಿನ ಕೆಳಗೆ, "ಲಿಫ್ಟ್ ದುರಸ್ತಿಯಲ್ಲಿದೆ, ದಯವಿಟ್ಟು ಮೆಟ್ಟಿಲು ಬಳಸಿ" ಎಂದು ದಪ್ಪ ಅಕ್ಷರದಲ್ಲಿದೆ. ಜನ ನಿಧಾನ ಮಾಡಿ, ಓದಿ, ಬಳಸಿಕೊಂಡು ಹೋದರು. "ಎಷ್ಟನೇ ಫ್ಲೋರ್ ಗುರೂ?" ಎಂದು ಒಬ್ಬ ಕೇಳಿದ. ಮತ್ತೊಬ್ಬರು ಮಾತ್ರ ಗಾಡಿ ನಿಲ್ಲಿಸಿ, "ಅಲ್ಲಾ ಸ್ವಾಮಿ, ಕಲ್ಲು ಕಾಯ್ತಾ ನಿಂತಿದೀರಲ್ಲ, ಎತ್ತಿ ಪಕ್ಕಕ್ಕೆ ಹಾಕಬಾರದಾ?" ಎಂದರು. ತಮ್ಮ ಅಪ್ಪಣೆ ತೋರಿಸಿದೆ. ಅವರು ಓದಿ, ಮಡಿಚಿ, ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟು, ತಮ್ಮ ಗಾಡಿ ಹತ್ತಿದರು.

ಮಧ್ಯಾಹ್ನ ಎರಡೂವರೆಗೆ ನಮ್ಮ ಸೂಪರ್‌ವೈಸರರಿಂದ ಫೋನು. ಒಂದು ಲಿಫ್ಟು ನಿಂತಿದೆ, ಒಳಗೆ ಒಬ್ಬರಿದ್ದಾರೆ, ಆ ಕಟ್ಟಡದ ಹೊಣೆ ನಿನ್ನದು, ರಜೆಯಾದರೂ ಹೊರಡು ಎಂದರು. ಯಾವ ಕಟ್ಟಡ ಎಂದೆ. ರಸ್ತೆ ನಿರ್ವಹಣಾ ಕಚೇರಿ ಎಂದರು.

ತುಂಡನ್ನು ಅಲ್ಲೇ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದೆ. ಅವಸರದಲ್ಲಿ ಫಲಕ ಅಲ್ಲೇ ಉಳಿಯಿತು. ಮೋಟಾರ್ ಸೈಕಲ್ಲಿನಲ್ಲಿ ಹನ್ನೊಂದು ನಿಮಿಷದ ದಾರಿಗೆ ಐವತ್ತೆರಡು ನಿಮಿಷ ಹಿಡಿಯಿತು. ವ್ಯತ್ಯಾಸದ ನಲವತ್ತೊಂದು ನಿಮಿಷಗಳ ಕಾರಣ ನನ್ನ ಹೆಗಲ ಮೇಲೇ ಇತ್ತು, ನಾಲ್ಕು ಕಿಲೋ ಆರುನೂರು ಗ್ರಾಂ. ತಮ್ಮ ಕಚೇರಿಯ ತುದಿಯಲ್ಲಿ ಲಿಫ್ಟಿನ ಯಂತ್ರವಿರುವ ಕೋಣೆಗೆ ಹತ್ತಿ, ಕರೆಂಟು ತೆಗೆದು, ಬ್ರೇಕು ಬಿಡಿಸಿ, ಕೈಚಕ್ರ ತಿರುಗಿಸಿ ಲಿಫ್ಟನ್ನು ಎರಡನೇ ಮಹಡಿಗೆ ಇಳಿಸಿದೆ. ಆ ದಿನಗಳಲ್ಲಿ ನನ್ನ ಪಾಲಿಗೆ ನೆಟ್ಟಗಿದ್ದ ಚಕ್ರ ಅದೊಂದೇ. ಕೆಳಗೆ ಬಂದು ಬಾಗಿಲು ತೆರೆದರೆ, ಒಳಗೆ ಬೆವರಿನಲ್ಲಿ ತೊಯ್ದು, ಪರಿಶೀಲನೆಯ ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಾ ನಿಂತಿದ್ದವರು ತಾವು. ತಾವು ಹೊರಗೆ ಕಾಲಿಟ್ಟು, ನನ್ನ ಮುಖ ನೋಡಿ, ಮೊದಲು ಆಡಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ನೀವು ಸ್ಥಳದಲ್ಲಿ ಹಾಜರಿರಬೇಕಿತ್ತಲ್ಲ?"

ತುಂಡು ಸ್ಥಳದಲ್ಲಿಲ್ಲದ ಕಾರಣ ಅರ್ಜಿ ತಿರಸ್ಕೃತವಾಯಿತು. ಅಲ್ಲಿಯವರೆಗೆ ಎಲ್ಲ ನಿಯಮದಂತೆಯೇ ನಡೆದಿತ್ತು. ಆದರೆ ನಾನು ಗ್ರೀಸಿನ ಕೈ ತೊಳೆಯಲು ಹೋಗುವಾಗ ತುಂಡನ್ನು ಚೀಲದಿಂದ ತೆಗೆದು, ಕೆಳಗೆ ಟಪಾಲಿನ ಕಿಂಡಿಯ ಮೇಲೆ ಇಟ್ಟಿದ್ದೆ. ಅಲ್ಲಿ ಕೂರುವ ಅಕ್ಕನವರ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಕಿಂಡಿಯ ಮೇಲೆ ಬಂದದ್ದು ಏನೇ ಆಗಿರಲಿ, ಅವರು ತಲೆಯೆತ್ತದೆ ಮೊಹರು ಒತ್ತಿ, ಸಂಖ್ಯೆ ಬರೆದು, ಪುಸ್ತಕಕ್ಕೆ ಏರಿಸುತ್ತಾರೆ. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಹಳದಿ ಪಟ್ಟಿಯ ಮೇಲೆ ನೇರಳೆ ಬಣ್ಣದಲ್ಲಿ ತಮ್ಮ ಕಚೇರಿಯ ದುಂಡನೆಯ ಮೊಹರು, ತಾರೀಖು, ಸಂಖ್ಯೆ ೪೧೨, ಕೆಳಗೆ ಅವರ ಚಿಕ್ಕ ಸಹಿ. "ಇದ್ರ ಜೊತೆ ಕವರಿಂಗ್ ಲೆಟರ್ ಇಲ್ವಾ?" ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. ಒಂದು ಕ್ಷಣ ಬೇಸರಪಟ್ಟುಕೊಂಡರು. ಅವರು ಮುಂದಿನ ಟಪಾಲಿಗೆ ತಿರುಗಿದಾಗ ನಾನು ತುಂಡನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟೆ.

ಹತ್ತು ದಿನದಿಂದ ನಮ್ಮ ಸೂಪರ್‌ವೈಸರರು ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ರಸ್ತೆ ಕಚೇರಿ ಸೀಲ್ ಇರೋದು ಏನಾದ್ರೂ ಒಂದು ತಂದ್ಕೊಡಪ್ಪ, ಮಿಕ್ಕಿದ್ದು ನಾನು ನೋಡ್ಕೋತೀನಿ." ತಂದುಕೊಟ್ಟೆ. ಅವರು ಮೇಜಿನ ಮೇಲೆ ತಿರುಗಿಸಿ ತಿರುಗಿಸಿ ನೋಡಿ, ನಿಯಮ ಪುಸ್ತಕ ತೆಗೆದು ಓದಿದರು. ಮೊಹರಿರುವ ದಾಖಲೆ ಎಂದಿದೆ, ಕಾಗದದ್ದೇ ಆಗಬೇಕೆಂದು ಎಲ್ಲೂ ಇಲ್ಲ. ಹೊಸ ಚಕ್ರಕ್ಕೆ ಆಗಲೇ ಬರೆದು, ತುಂಡನ್ನು ನನ್ನ ಫೈಲಿನ ಮೇಲಿಟ್ಟು ಕಬ್ಬಿಣದ ಬೀರುವಿಗೆ ಬೀಗ ಹಾಕಿದರು. ಚಕ್ರ ಇದೇ ಶುಕ್ರವಾರ ಬರುತ್ತದಂತೆ. ಅದಕ್ಕೂ ಮುಂಚೆ ಮೊಹರು ಬೀರುವಿನಿಂದ ಹೊರಗೆ ಹೋದರೆ ನಾನು ಗೋದಾಮಿಗೆ ಹೋದಂತೆಯೇ. ಇಂದು ಹದಿನೈದನೇ ದಿನ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿಗಳು ಕೆಲವೇ. ಆ ತುಂಡಿನಲ್ಲಿ ಇರುವಷ್ಟೇ ವಿಷಯವನ್ನು ಒಂದು ಹಾಳೆಯ ಮೇಲೆ ಬರೆದು, ಅದೇ ಮೊಹರನ್ನು ಒತ್ತಿ ಕಳಿಸಿದರೆ, ತುಂಡನ್ನು ತೊಳೆದು, ಒರೆಸಿ, ನಾನೇ ಹೊತ್ತು ತಂದು ತಮ್ಮ ಮೇಜಿನ ಮೇಲಿಡುತ್ತೇನೆ. ಅದು ಕಷ್ಟವಾದರೆ, ತುಂಡು ಉದುರಿದ ವಿಭಜಕವನ್ನಾದರೂ ಕಟ್ಟಿಸಿ. ಅಲ್ಲಿ ಅದರ ಇನ್ನೂ ಮೂವರು ತಮ್ಮಂದಿರು ಸಡಿಲವಾಗಿ ಕೂತು ತಮ್ಮ ಸರದಿ ಕಾಯುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೂ ಆಗದಿದ್ದರೆ ಟಪಾಲಿನ ಅಕ್ಕನವರನ್ನು ಅವರ ಮೊಹರಿನ ಜೊತೆಗೆ ದಿನಕ್ಕೆ ಒಂದು ಗಂಟೆ ಆ ತಿರುವಿನಲ್ಲಿ ಕೂರಿಸಿ. ಬಿದ್ದದ್ದು ಬಿದ್ದ ಹಾಗೆ ದಾಖಲಾಗುತ್ತದೆ, ಮತ್ತು ದಾಖಲಾದದ್ದು ಕಳೆದುಹೋದರೆ ತಾವು ಎಷ್ಟು ಬೇಗ ಹುಡುಕಿಕೊಂಡು ಬರುತ್ತೀರೆಂದು ನನಗೀಗ ಗೊತ್ತಿದೆ.

ತಮ್ಮ, ಹಾಗೂ ವಿಶೇಷವಾಗಿ ತಮ್ಮ ಲಿಫ್ಟಿನ, ವಿಶ್ವಾಸಿ,
ಸದ್ಯಕ್ಕೆ ಬಸ್ಸಿನಲ್ಲಿ ಓಡಾಡುವ ಲಿಫ್ಟ್ ಮೆಕ್ಯಾನಿಕ್

ಮರೆತ ಮಾತು: ಈ ಪತ್ರ ಮುಗಿಸುವ ಹೊತ್ತಿಗೆ ನಮ್ಮ ಕಂಪನಿಯಿಂದ ಒಂದು ಹೊಸ ದೂರಿನ ಪ್ರತಿ ನನಗೆ ಬಂತು. ಕಳಿಸಿದವರು ತಾವೇ. ಹತ್ತೊಂಬತ್ತರಂದು ತಮ್ಮ ಸಿಬ್ಬಂದಿ ಮೇಲ್ಸೇತುವೆಯ ತಿರುವನ್ನು ಪರಿಶೀಲಿಸಿದಾಗ ಕಾಂಕ್ರೀಟ್ ತುಂಡು ಯಾವುದೂ ಕಂಡುಬಂದಿಲ್ಲವೆಂದೂ, ಆದರೆ ಸ್ಥಳದಲ್ಲಿರುವ ಫಲಕದ ಪ್ರಕಾರ ಅಲ್ಲಿನ ಲಿಫ್ಟು ದುರಸ್ತಿಯಲ್ಲಿದ್ದು, ಸಾರ್ವಜನಿಕರಿಗೆ ತೊಂದರೆಯಾಗುತ್ತಿರುವುದರಿಂದ ಕೂಡಲೇ ಸರಿಪಡಿಸತಕ್ಕದ್ದೆಂದೂ ಅದರಲ್ಲಿದೆ. ಚಕ್ರ ಬಂದ ದಿನವೇ ಖಂಡಿತ ಬರುತ್ತೇನೆ. ನಾನು ಬಂದು ಪರಿಶೀಲಿಸುವವರೆಗೆ, ದಯವಿಟ್ಟು ಸದರಿ ಲಿಫ್ಟನ್ನು ಮೊದಲಿದ್ದ ಸ್ಥಳದಲ್ಲಿಯೇ ಮೊದಲಿದ್ದಂತೆಯೇ ಇಟ್ಟು, ತಾವು ಖುದ್ದಾಗಿ ಅದರೊಳಗೆ ಹಾಜರಿರತಕ್ಕದ್ದು.