ದೊರೆ ಬೊಗಳುವ ಕಾರಣ

"ಇವತ್ತು ಮಧ್ಯಾಹ್ನ ಆ ನಾಯಿ ಇನ್ನೊಂದ್ಸಲ ಬೊಗಳಿದ್ರೆ, ಸಂಜೆಯೊಳಗೆ ಅದು ಈ ಕಟ್ಟಡದಲ್ಲಿ ಇರಕೂಡದು!"

ಸಂಘದ ಅಧ್ಯಕ್ಷರು ಮೆಟ್ಟಿಲ ಮೇಲೆಯೇ ತೀರ್ಪು ಕೊಟ್ಟುಬಿಟ್ಟರು. ನಿವೃತ್ತ ವಕೀಲರು, ಪಕ್ಕದ ಮನೆಯವರು ಬೇರೆ. ಗಡಿಯಾರ ರಿಪೇರಿಯವನು ಕೈಮುಗಿದು ಹೂಂಗುಟ್ಟಿದ. ಅವನ ದೊರೆ, ಕಣ್ಣು ಬಿಡದ ಮರಿಯಿಂದ ಸಾಕಿದ ನಾಯಿ, ಹಸುವಿನಂಥ ಪ್ರಾಣಿ. ಆದರೆ ಗಂಡ ಹೆಂಡತಿ ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನ, ಬಾಲ್ಕನಿಯಲ್ಲಿ ನಿಂತು ಊರೇ ಎದ್ದುಹೋಗುವಂತೆ ಬೊಗಳುತ್ತದಂತೆ. ಯಾಕೆ? ಅದೊಂದು ಗೊತ್ತಾದರೆ ಆ ಚಾಳಿ ಬಿಡಿಸಬಹುದೆಂದು ಅವನು ಅಂಗಡಿಗೆ ಬೀಗ ಜಡಿದು ಮನೆಯಲ್ಲೇ ಉಳಿದ.

ಸುದ್ದಿ ತಿಳಿದು ಮೇಲಿನ ಮನೆಯ ಹೆಡ್‌ಮೇಷ್ಟ್ರು ಇಳಿದು ಬಂದರು. "ಒಂಟಿತನ ಕಣಯ್ಯ. ನಿನ್ನ ಅಂಗಿ ಹೊದಿಸು, ವಾಸನೆಗೆ ಸುಮ್ಮನಾಗುತ್ತೆ."

ಹೊದಿಸಿದ. ದೊರೆ ಅಂಗಿಯ ಎರಡೂ ತೋಳು ಹರಿದುಹಾಕಿತು.

ಕೆಳಗಿನ ಮನೆಯ ದರ್ಜಿ ಅಕ್ಕ ತಲೆಯಾಡಿಸಿದಳು. "ಅಲ್ಲ ತಮ್ಮಾ, ನಿನ್ನ ಹೆಂಡ್ತಿ ಮೇಲೆ ಹೊಟ್ಟೆಕಿಚ್ಚು ಅದಕ್ಕೆ. ಅವಳ ಎದುರಿಗೇ ಮುದ್ದು ಮಾಡು."

"ಬೊಗಳಿದ್ರೆ ಮುದ್ದು ಸಿಗುತ್ತಾ? ಹಾಗಾದ್ರೆ ನಾನೂ ಬೊಗಳ್ಲಾ?" ಎಂದು ಹೆಂಡತಿ ಬ್ಯಾಗು ಹೆಗಲಿಗೇರಿಸಿ ಕೆಲಸಕ್ಕೆ ಹೊರಟೇಹೋದಳು.

ಕೊನೆಗೆ ಪ್ರಾಣಿಗಳ ಆಸ್ಪತ್ರೆಯ ಕಾಂಪೌಂಡರಿಗೆ ಫೋನು ಮಾಡಿದ. "ಕಾರಣ ಕಟ್ಕೊಂಡು ಏನ್ಮಾಡ್ತೀರಿ ಸ್ವಾಮೀ? ಬಾಯಿ ತೆರೆಯೋ ಮೊದ್ಲೇ ಬಿಸ್ಕತ್ತು ಹಾಕಿ. ಸುಮ್ನಿದ್ರೆ ಲಾಭ ಅಂತ ಅದಕ್ಕೇ ಗೊತ್ತಾಗುತ್ತೆ."

ಮಧ್ಯಾಹ್ನ ಬಾಲ್ಕನಿಯ ಬಾಗಿಲ ಹಿಂದೆ ಕುಕ್ಕರಗಾಲಲ್ಲಿ ಕೂತ. ದೊರೆಯ ಕಿವಿ ನೆಟ್ಟಗಾಯಿತು. ಕೂಡಲೇ ಬಿಸ್ಕತ್ತು ತುರುಕಿದ.

"ವವ್!"

ದೊರೆ ಬಿಸ್ಕತ್ತು ಅಗಿಯುತ್ತಿತ್ತು. ಹಾಗಾದರೆ ಬೊಗಳಿದ್ದು ಯಾರು?

ಇಣುಕಿದ. ಪಕ್ಕದ ಬಾಲ್ಕನಿಯಲ್ಲಿ ಸಂಘದ ಅಧ್ಯಕ್ಷರು ಅಂಬೆಗಾಲಲ್ಲಿ ನಿಂತು, ಕಂಬಿಗಳ ನಡುವೆ ಮುಖ ತೂರಿಸಿ ಬೊಗಳುತ್ತಿದ್ದರು!

"ಅಯ್ಯೋ ದೇವರೇ!" ಎಂದ ಅವನು.

ನಾಯಿಯಿಂದ ಉತ್ತರ ಬಾರದ್ದಕ್ಕೆ ಅಧ್ಯಕ್ಷರು ರೇಗಿ ಇನ್ನೂ ಗಟ್ಟಿಯಾಗಿ ಬೊಗಳಿದರು. ಕಿಟಕಿಗಳು ದಡಬಡ ತೆರೆದವು. ಹೆಡ್‌ಮೇಷ್ಟ್ರು ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತರು. ಅಧ್ಯಕ್ಷರ ಹೆಂಡತಿ ಸೌಟು ಹಿಡಿದೇ ಓಡಿಬಂದರು.

"ಏನ್ರೀ ಇದು ಅವತಾರ!"

ಅಧ್ಯಕ್ಷರು ಮಂಡಿ ಒರೆಸಿಕೊಳ್ಳುತ್ತ ಎದ್ದರು. ಮುಖ ಬಿಳಚಿಕೊಂಡಿತ್ತು. "ಕೋರ್ಟಲ್ಲಿ ಜಡ್ಜು ಮಾತಾಡೋಕೆ ಬಿಡ್ಲಿಲ್ಲ. ಮನೇಲಿ ನೀನು ಬಿಡಲ್ಲ. ವಾದಕ್ಕೆ ಅಂತ ಸಿಕ್ಕಿದ್ದು ಇದೊಂದು ನಾಯಿ. ಅದರ ಹತ್ರಾನೂ ದಿನಾ ಸೋತೆ, ಕೊನೇ ಮಾತು ಯಾವಾಗ್ಲೂ ಅದರದ್ದೇ! ಅದಕ್ಕೇ ಓಡಿಸೋಣ ಅಂದೆ."

ಗಡಿಯಾರದವನಿಗೆ ಹೋದ ಜೀವ ಬಂದಂತಾಯಿತು. ಕಾರಣ ಸಿಕ್ಕಿತ್ತು, ಅದೂ ಊರೆದುರಿಗೆ! ದೊರೆ ಉಳಿಯಿತು!

"ಪಾಪ," ಎಂದು ಹೆಡ್‌ಮೇಷ್ಟ್ರು ಕಣ್ಣೊರೆಸಿಕೊಂಡರು. "ಇಷ್ಟು ತಿಳಿದ ಮೇಲೆ ಅವರನ್ನ ಅನ್ನೋ ಹಾಗಿಲ್ಲ."

"ಕಾರಣ ತಿಳಿದು ನಾನೇನು ಉಪ್ಪಿನಕಾಯಿ ಹಾಕ್ಲಾ?" ಅಧ್ಯಕ್ಷರ ಹೆಂಡತಿ ಸೌಟು ಗಡಿಯಾರದವನತ್ತ ತಿರುಗಿಸಿದರು. "ಇಲ್ಲಿ ಬೊಗಳಿ ಬಂದ ದಿನ ಈ ಮನುಷ್ಯ ಮಲಗೋವರೆಗೂ ತೆಪ್ಪಗಿರ್ತಾರೆ ಅಂತ ಈಗ ಗೊತ್ತಾಯ್ತು. ನೀನು ನಾಯಿ ಬಾಯಿ ಮುಚ್ಚಿಸಿ ಕೂತಿದ್ದೀಯ. ನಾಯಿ ಇರ್ಲಪ್ಪಾ, ಆದ್ರೆ ನಾಳೆಯಿಂದ ಇವರಿಗೆ ಉತ್ತರ ಕೊಡೋರು ಯಾರು?"

ಎಲ್ಲ ಕಿಟಕಿಗಳೂ ಒಟ್ಟಿಗೇ ಅವನನ್ನು ನೋಡಿದವು. ಅವನೇ ಆಗಲೆಂದು ಕೈಗಳು ಒಂದೊಂದಾಗಿ ಮೇಲೆದ್ದವು.

"ಕೊನೇ ಮಾತು ಮಾತ್ರ ನನ್ನದು!" ಎಂದರು ಅಧ್ಯಕ್ಷರು, ಉತ್ಸಾಹದಿಂದ.

ಸಂಜೆ ಹೆಂಡತಿ ಬಂದಾಗ ಅವನು ಬಾಲ್ಕನಿಯಲ್ಲಿ ಮಂಡಿಯೂರಿ ಸಣ್ಣ ದನಿಯಲ್ಲಿ ಅಭ್ಯಾಸ ಮಾಡುತ್ತಿದ್ದ. ದೊರೆ ಮೂಲೆಗೆ ಸರಿದು, ಗಾಬರಿಯಿಂದ ಅವನನ್ನೇ ನೋಡುತ್ತಿತ್ತು.

"ಅಯ್ಯಯ್ಯೋ! ಯಾಕ್ರೀ?"

"ಯಾಕೆ ಅಂತ ಮಾತ್ರ ಕೇಳ್ಬೇಡ ಮಾರಾಯ್ತಿ," ಎಂದ ಅವನು. "ಒಂದು ಲೋಟ ಬಿಸಿನೀರು ಕೊಡು, ಗಂಟಲು ಕಟ್ಟಿದೆ."