ಗಾಜಿನ ಲೋಟ ಮತ್ತು ಹದಿನಾಲ್ಕು ಮನೆಗಳು

೧೯೯೧ನೇ ಇಸವಿ ಜೂನ್ ೯, ಭಾನುವಾರ, ಬೆಳಿಗ್ಗೆ ೭ ಗಂಟೆ ೪೦ ನಿಮಿಷ. ಸ್ಥಳ: ಬ್ಯಾಡಗಿ. ಕೆಲಸ: ಗೆಳೆಯನಿಗೆ ಬಾಡಿಗೆ ಮನೆ ಹುಡುಕುವುದು. ತಗಲುವ ಅಂದಾಜು ಸಮಯ: ಎರಡು ತಾಸು.

ನನ್ನ ದಿನಚರಿಯಲ್ಲಿ ಹೀಗೆ ಬರೆದಿದೆ. ಅಕ್ಷರ ನನ್ನದೇ. 'ಎರಡು ತಾಸು' ಎಂಬುದರ ಕೆಳಗೆ ಸ್ಕೇಲು ಇಟ್ಟು ಗೆರೆಯನ್ನೂ ಎಳೆದಿದ್ದೇನೆ.

ನಾನು ಗಣಿತದ ಮಾಸ್ತರ, ವಯಸ್ಸು ಇಪ್ಪತ್ತಾರು, ಹುಟ್ಟಿದ್ದು ಹಾವೇರಿ ಹತ್ತಿರದ ಅಗಡಿಯಲ್ಲಿ. ದಿನಕ್ಕೆ ಎಷ್ಟು ಸಲ ಸೀನಿದೆ ಎಂಬುದನ್ನೂ ಬರೆದಿಡುವ ಮನುಷ್ಯ. ಮೆಣಸಿನಕಾಯಿ ಪೇಟೆಯ ಊರಿನಲ್ಲಿ ಇದು ಸಣ್ಣ ಕೆಲಸವಲ್ಲ.

ಗೆಳೆಯನೆಂದರೆ ಸುಬ್ರಾಯ ಸಿದ್ದಿ. ಯಲ್ಲಾಪುರದ ಕಡೆಯ ಕಾಡಿನ ಹಳ್ಳಿಯವರು. ಅದೇ ಜೂನ್ ಮೂರಕ್ಕೆ ನಮ್ಮ ಹೈಸ್ಕೂಲಿಗೆ ಕನ್ನಡ ಮಾಸ್ತರರಾಗಿ ಬಂದರು. ಅವರ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದಿದ್ದರಂತೆ. ಈಗ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಅವರಿಗೆ ನನ್ನಷ್ಟೇ ಬರುತ್ತದೆ, ಅಂದರೆ ಬರುವುದಿಲ್ಲ. ಆದರೂ ಅವರು ಬಸ್ಸಿಳಿದ ಕೂಡಲೇ ಚಹಾದಂಗಡಿಯವನು "ಟೀ, ಸರ್? ಯು ವಾಂಟ್?" ಎಂದು ಕೇಳಿದನಂತೆ. "ಸ್ವಲ್ಪ ಸಕ್ಕರೆ ಕಡಿಮೆ ಹಾಕಿ ಮಾರಾಯ್ರೆ" ಎಂದದ್ದಕ್ಕೆ ಅವನ ಕೈಯಿಂದ ಸೋಸುವ ಅರಿವೆ ಬಿತ್ತಂತೆ.

ಮನೆ ಸಿಗುವತನಕ ಅವರು ನನ್ನ ಕೋಣೆಯಲ್ಲಿದ್ದರು. ಹೆಂಡತಿ, ಎಂಟು ತಿಂಗಳ ಮಗಳು ಯಲ್ಲಾಪುರದಲ್ಲಿ. ಹಿಂದಿನ ವರ್ಷ ಹಾವೇರಿಯಲ್ಲಿದ್ದಾಗ ಯಾರೂ ಮನೆ ಕೊಡದೆ, ಶಾಲೆಯ ನಕ್ಷೆಗಳನ್ನಿಡುವ ಕೋಣೆಯಲ್ಲೇ ಒಬ್ಬರೇ ಮಲಗುತ್ತಿದ್ದರು. ಮಗಳು ಹುಟ್ಟಿದ ಮೇಲೆ ಆಕೆಯನ್ನು ನೋಡಿದ್ದು ಮೂರೇ ಸಲ. ಈ ಸಲ ಹೆಂಡತಿ ಕಾಗದ ಬರೆದಿದ್ದರು: "ಜೂನ್ ೨೩ರ ಭಾನುವಾರ ಬರುತ್ತೇನೆ. ಮನೆ ಇಲ್ಲದಿದ್ದರೆ ಮುಂಚೆಯೇ ತಿಳಿಸಿ. ಆಗ ನೀವೇ ಕೆಲಸ ಬಿಟ್ಟು ಬನ್ನಿ. ಮಗಳು ನಿಮ್ಮನ್ನು ಮರೆಯುತ್ತಿದ್ದಾಳೆ."

"ಚಿಂತಿ ಬಿಡ್ರಿ ಮಾಸ್ತರ," ಎಂದೆ. "ನಾನು ಅದೇನಿ. ನೀವು ಸುಮ್ನ ನಿಂದರ್ರಿ, ನಾನು ಮಾತಾಡತೇನಿ."

ಈ ಮಾತನ್ನು ನಾನು ಎಷ್ಟು ಚೆನ್ನಾಗಿ ಪಾಲಿಸಿದೆನೆಂದು ಮುಂದೆ ನೋಡುವಿರಿ.

ಮೊದಲ ಮನೆಯಲ್ಲಿ ಯಜಮಾನರು ಬಾಗಿಲು ತೆಗೆದು ಇನ್ನೂ ಬಾಯಿ ತೆಗೆದಿರಲಿಲ್ಲ. "ಇವರು ಆಫ್ರಿಕಾದವರಲ್ಲ ರೀ," ಎಂದು ಘೋಷಿಸಿದೆ. ಅವರು ಕೇಳಿಯೇ ಇರಲಿಲ್ಲ. ಈಗ ಗಾಬರಿಯಾಗಿ, "ಹಂಗಾರ ಎಲ್ಲಿಯವರು?" ಎಂದರು. ನಾನು ಹಡಗಿನಿಂದ ಆರಂಭಿಸಿದೆ. ಹಡಗು ದಡ ಸೇರುವುದರೊಳಗೆ ಮೂವತ್ತೈದು ನಿಮಿಷವಾಗಿತ್ತು. ಯಜಮಾನರು, "ಮನಿಗೆ ಸುಣ್ಣ ಹೊಡಸಾಕತ್ತೇವ್ರಿ," ಎಂದು ಬಾಗಿಲು ಹಾಕಿಕೊಂಡರು.

ಎರಡನೇ ಮನೆಯಲ್ಲಿ ಪ್ರಮಾಣ ಒದಗಿಸಲು ನಿರ್ಧರಿಸಿದೆ. "ಮಾಸ್ತರ, ಒಂದು ಹಳಗನ್ನಡ ಪದ್ಯ ಹೇಳ್ರಿ." ಸುಬ್ರಾಯರು ನನ್ನನ್ನು ಒಮ್ಮೆ ನೋಡಿ, ಅಂಗಳದಲ್ಲಿ ನಿಂತು, ಪದ್ಯ ಹೇಳಿದರು. ಮನೆಯವರೆಲ್ಲ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಯಜಮಾನರ ಕಣ್ಣಲ್ಲಿ ನೀರು ಬಂತು. ಮನೆಯನ್ನು ನಿನ್ನೆಯಷ್ಟೇ ಬೇರೆಯವರಿಗೆ ಕೊಟ್ಟಿದ್ದರು.

ಆ ವಾರವೆಲ್ಲ ತಿರುಗಿ ಬ್ಯಾಡಗಿಯಲ್ಲಿ ಒಂಬತ್ತು ಮನೆ ಮುಗಿಸಿದೆವು. ಸುಬ್ರಾಯರು ದಿನವೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬರುತ್ತಿದ್ದರು. ನಾನು ದಿನಚರಿಯಲ್ಲಿ 'ಶೋಕಿ ಜಾಸ್ತಿ' ಎಂದು ಬರೆದುಕೊಂಡೆ. ಜೊತೆಗೆ ಬೇರೊಂದು ಪುಟಕ್ಕೆ 'ಜನರ ಅಜ್ಞಾನ' ಎಂದು ತಲೆಬರಹ ಕೊಟ್ಟು, ಮನೆಯವರು ಕೇಳಿದ ಮೂರ್ಖ ಪ್ರಶ್ನೆಗಳನ್ನೆಲ್ಲ ಕ್ರಮಸಂಖ್ಯೆ ಹಾಕಿ ಬರೆಯತೊಡಗಿದೆ. "ಯಾವ ದೇಶದವರು?" "ಓಟದ ಪಂದ್ಯಕ್ಕ ಬಂದಾರೇನು?" "ಊಟಕ್ಕ ಏನು ತಿಂತಾರ?" "ಕೂದಲ ಹಿಂಗ ಹುಟ್ಟಿನಿಂದಾನ?" ಒಟ್ಟು ಒಂಬತ್ತು ಆದವು.

ಜೂನ್ ೧೬ಕ್ಕೆ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದೆವು. ದೊಡ್ಡ ಊರು, ಅಲ್ಲದೆ ನನ್ನ ಸೋದರಮಾವನ ಎರಡು ಮನೆ ಖಾಲಿ ಇದ್ದವು. ಬೇರೆ ನಾಲ್ಕು ಮನೆ ನೋಡಿ ಅಲ್ಲೂ ಆಗದೆ, ಕಡೆಗೆ ಮಾವನ ಕಟ್ಟೆಗೆ ಬಂದೆವು. ಮಾವ ಸುಬ್ರಾಯರನ್ನು ಅಂಗಳದ ಕಲ್ಲಿನ ಮೇಲೆ ಕೂರಿಸಿ, ನನ್ನನ್ನು ಒಳಗೆ ಕರೆದ. "ನಿನಗಂದ್ರ ಈಗ ಕೀಲಿ ಕೊಡತೇನಿ. ಅವರಿಗಾದ್ರ... ಸುಣ್ಣ ಹೊಡಸಬೇಕಲೇ."

"ನನಗಾದ್ರ ಸುಣ್ಣ ಬ್ಯಾಡೇನು ಮಾವಾ?"

"ನೀ ನಮ್ಮ ಹುಡುಗ. ನಿನಗ್ಯಾಕ ಸುಣ್ಣ?"

ಅಂಕಿ ಅಂಶ ಹೀಗಿದೆ. ಹದಿನಾಲ್ಕು ಮನೆ. ಸುಣ್ಣ: ಆರು. ಮಗಳ ಬಾಣಂತನ: ನಾಲ್ಕು. ನಿನ್ನೆ ಕೊಟ್ಟೆವು: ಮೂರು. ಸಂಜೆ ಹೇಳಿ ಕಳಿಸುತ್ತೇವೆ: ಒಂದು, ಆ ಸಂಜೆ ಇನ್ನೂ ಆಗಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ನನಗೆ ಮಾವನ ಮೇಲೆ ಸಿಟ್ಟು. "ಎಲ್ಲಾರೂ ಹಿಂಗ ಇರಂಗಿಲ್ಲ ಮಾಸ್ತರ," ಎಂದೆ. "ನಮ್ಮ ಮನಿ ಮಾಲಕಿ ಗೌರವ್ವನ್ನ ನೋಡ್ರಿ. ಮಜ್ಜಿಗಿ ತರತಾಳ. ನನಗ ಸ್ಟೀಲ್ ಲೋಟ, ನಿಮಗ ಗಾಜಿನ ಲೋಟ. ಪಾವ್ಣ್ಯಾರಂತ ಎಷ್ಟು ಮರ್ಯಾದಿ."

ಇದನ್ನು ನಾನು ದಿನಚರಿಯಲ್ಲೂ ಮೆಚ್ಚಿ ಬರೆದಿದ್ದೆ.

ಸುಬ್ರಾಯರು ಕಿಟಕಿಯ ಹೊರಗೆ ನೋಡುತ್ತಾ, "ಆ ಲೋಟ ಎಲ್ಲಿರ್ತದೆ, ನೋಡಿದ್ದೀರಾ?" ಎಂದರು.

"ಇಲ್ಲ."

"ಹೊರಗಿನ ಕಿಟಕಿ ದಂಡೆ ಮೇಲೆ. ತೊಳೆದು ಇಡೋದು ನಾನು. ಅದು ಒಳಗೆ ಹೋಗುವ ಲೋಟ ಅಲ್ಲ."

ಬಸ್ಸು ಕಾಕೋಳ ಹಳ್ಳಿ ದಾಟಿತು. ಆಮೇಲೆ ಅವರೇ ಹೇಳಿದರು: "ಈಗ ಅವರಿಗೆ ಏನೂ ಹೇಳಬೇಡಿ. ಇಪ್ಪತ್ಮೂರರವರೆಗೆ ನನಗೊಂದು ಸೂರು ಬೇಕು. ಕೇಳಿಸಿತಾ?"

"ಕೇಳಿಸ್ತು," ಎಂದು ಮಾತು ಕೊಟ್ಟೆ.

ಜೂನ್ ೧೭, ಬೆಳಿಗ್ಗೆ ೬ ಗಂಟೆ ೫೦ ನಿಮಿಷಕ್ಕೆ ಆ ಮಾತು ಮುರಿದುಬಿತ್ತು. ಸುಬ್ರಾಯರು ಸ್ನಾನಕ್ಕೆ ಹೋಗಿದ್ದರು. ಗೌರವ್ವ ತುಳಸಿಗೆ ನೀರು ಹಾಕುತ್ತಿದ್ದಳು. ನಾನು ಕಿಟಕಿಯ ದಂಡೆಯಿಂದ ಗಾಜಿನ ಲೋಟ ಎತ್ತಿ ಹಿಡಿದು, ಮಾನವರೆಲ್ಲ ಸಮಾನರೆಂಬ ವಿಷಯವಾಗಿ, ಪೀಠಿಕೆಯೊಂದಿಗೆ, ನಲವತ್ತು ನಿಮಿಷ ಮಾತನಾಡಿದೆ. ನೀರು ಸೇದಲು ಬಂದ ಓಣಿಯ ಹೆಂಗಸರೆಲ್ಲ ಕೊಡ ಇಳಿಸಿ ನಿಂತರು. ನನ್ನ ಜೀವನದಲ್ಲೇ ಅಷ್ಟು ಚೆನ್ನಾಗಿ ಮಾತನಾಡಿರಲಿಲ್ಲ.

ಗೌರವ್ವ ಪೂರ್ತಿ ಕೇಳಿದಳು. "ಮುಗೀತೇನು?" ಎಂದಳು.

"ಮುಗೀತು."

"ನನ್ನ ಮನಿಮುಂದ ನಿಂತು ನಾಲ್ಕು ಮಂದಿ ಎದುರು ನನ್ನ ಮಾನಾ ತಗದ್ಯಲ್ಲ, ಭಾಳ ಚಲೋ ಆತು. ಅಷ್ಟು ಕಳಕಳಿ ಇದ್ರ ನಿನ್ನ ಖೋಲಿನ ಅವರಿಗೆ ಬಿಟ್ಟು ಕೊಡು."

"ಕೊಡತೇನಿ," ಎಂದೆ, ಎದೆಯುಬ್ಬಿಸಿ. "ಈಗಿಂದೀಗ ಬಿಟ್ಟೆ."

"ಬಿಟ್ಯಲ್ಲ? ಹಂಗಾರ ಐತವಾರದೊಳಗ ಇಬ್ಬರೂ ಸಾಮಾನು ತಗೀರಿ. ನನ್ನ ಮಗಳ ಬಾಣಂತನ ಐತಿ."

ಬಾಣಂತನ: ಐದು. ನಾನು ಹುಡುಕಲು ಹೊರಟದ್ದು ಒಂದು ಮನೆ. ಎಂಟು ದಿನದ ಸತತ ಪ್ರಯತ್ನದಿಂದ ಇದ್ದದ್ದೊಂದನ್ನೂ ಕಳೆದಿದ್ದೆ.

ಸುಬ್ರಾಯರು ಒದ್ದೆ ತಲೆಯಲ್ಲಿ ಬಂದು ನಿಂತರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಮಾಸ್ತರೆ, ನಾನು ನಿಮಗೆ ಹೇಳಿದ್ದು ಕೇಳಿಸಿಕೊಳ್ಳಲಿಕ್ಕೆ," ಎಂದರು. "ಊರಿಗೆ ಹೇಳಲಿಕ್ಕೆ ಅಲ್ಲ. ನಿಮಗೆ ಇನ್ನೊಂದು ಕೋಣೆ ನಾಳೆ ಸಿಗ್ತದೆ. ನಾನು ಈಗ ಅವಳಿಗೆ ಬರಬೇಡ ಅಂತ ಕಾಗದ ಬರೀಬೇಕು." ಪೆಟ್ಟಿಗೆಯಿಂದ ಇನ್‌ಲ್ಯಾಂಡ್ ಲೆಟರ್ ತೆಗೆದರು. ಕಾಗದದ ಕೆಳಗೆ ಇಟ್ಟುಕೊಳ್ಳಲು ಏನಾದರೂ ಬೇಕೆಂದು ಕೈಗೆ ಸಿಕ್ಕ ನನ್ನ ದಿನಚರಿಯನ್ನು ಎಳೆದುಕೊಂಡರು. ಅದು ತೆರೆದುಕೊಂಡಿತು.

ತಡೆಯಲು ಹೋದೆ, ಆಗಲಿಲ್ಲ. ಅವರು ಜೋರಾಗಿ ಓದಿದರು.

"'ಜೂನ್ ೩. ಹೊಸ ಮಾಸ್ತರರಿಗೆ ನಾನು ಕೇಳಿದ ಪ್ರಶ್ನೆಗಳು. ಒಂದು, ಯಾವ ದೇಶದವರು? ಎರಡು, ಓಟದಲ್ಲಿ ಎಷ್ಟು ಬಹುಮಾನ ಬಂದಿವೆ? ಮೂರು, ಊಟಕ್ಕೆ ಏನು ತಿನ್ನುತ್ತೀರಿ? ನಾಲ್ಕು, ಕೂದಲು ಹುಟ್ಟಿನಿಂದಲೇ ಹೀಗೋ?'"

ಪಟ್ಟಿ ಇನ್ನೂ ಉದ್ದವಿತ್ತು. ಆಮೇಲೆ 'ಜನರ ಅಜ್ಞಾನ'ದ ಪುಟ ತಿರುವಿ ಪಕ್ಕದಲ್ಲಿಟ್ಟು ಹೋಲಿಸಿದರು. ಒಂಬತ್ತರಲ್ಲಿ ಏಳನ್ನು ಊರಿನವರಿಗಿಂತ ಮೊದಲು ನಾನೇ ಕೇಳಿದ್ದೆ. ಅವರು ಹಿಂದಿನ ವರ್ಷದ ಪುಟಕ್ಕೂ ಹೋದರು. "'೧೯೯೦ ಜೂನ್ ೪. ಕೋಣೆ ಸಿಕ್ಕಿತು. ತಗಲಿದ ಸಮಯ ಹನ್ನೆರಡು ನಿಮಿಷ. ಗೌರವ್ವ ಕೇಳಿದ ಪ್ರಶ್ನೆ ಒಂದೇ, ಯಾರ ಪೈಕಿ? ಅಗಡಿಯ ಅಜ್ಜನ ಹೆಸರು ಹೇಳಿದೆ. ಚಹಾ ಕೊಟ್ಟರು.'"

ಸುಬ್ರಾಯರು ನಗತೊಡಗಿದರು. ಹದಿನೈದು ದಿನದಲ್ಲಿ ನಾನು ಕಂಡ ಮೊದಲ ನಗು. "ಹನ್ನೆರಡು ನಿಮಿಷ," ಎಂದು ಕಣ್ಣೊರೆಸಿಕೊಂಡರು. "ಅದೂ ಚಹಾ ಸೇರಿ."

ನಾನು ನೆಲ ನೋಡುತ್ತಾ ಕೇಳಿದೆ: "ಆ ಅಂಗಿಗೆ ದಿನಾ ಇಸ್ತ್ರಿ ಯಾಕ ಮಾಡತೀರಿ?"

"ಇಸ್ತ್ರಿ ಇಲ್ಲದ ಅಂಗಿಯಲ್ಲಿ ನೀವು ಬಡ ಮಾಸ್ತರು. ನಾನು ಕೂಲಿಯವ."

'ಶೋಕಿ ಜಾಸ್ತಿ' ಎಂಬುದನ್ನು ಅವರ ಎದುರೇ ಹೊಡೆದುಹಾಕಿದೆ. ಅವರು ಇನ್‌ಲ್ಯಾಂಡ್ ಲೆಟರನ್ನು ಪೆಟ್ಟಿಗೆಗೆ ಹಾಕಿದರು. "ಕಾಗದ ಹಾಕಲಿಕ್ಕೆ ಇನ್ನೂ ಮೂರು ದಿನ ಅದೆ. ನಾನೇ ಹುಡುಕ್ತೇನೆ. ನೀವು ಹುಡುಕಿದರೂ ಆಗೋದಿಲ್ಲ, ನಾನು ಹುಡುಕಿದರೂ ಹೆಚ್ಚು ಕಡಿಮೆ ಆಗೋದಿಲ್ಲ. ಆದರೆ ನನಗೆ 'ಇಲ್ಲ' ಅನ್ನಿಸಿಕೊಳ್ಳಲಿಕ್ಕೆ ಎರಡು ನಿಮಿಷ ಸಾಕು. ನಿಮ್ಮ ಜೊತೆ ಹೋದರೆ ನಲವತ್ತು ಬೇಕು."

"ನಾನೂ ಬರತೇನಿ. ಮಾತಾಡಂಗಿಲ್ಲ."

"ಆಣೆ?"

"ಆಣಿ."

ಅವರ ಪದ್ಧತಿ ಬೇರೆ. ಮನೆ ಬಾಗಿಲಿಗೆ ಹೋಗುವುದೇ ಇಲ್ಲ. ಬೋರ್‌ವೆಲ್ಲಿನ ಹತ್ತಿರ ನಿಂತು, ನೀರಿಗೆ ಬಂದ ಹೆಂಗಸರನ್ನು ಕೇಳುತ್ತಾರೆ, ಉತ್ತರ ಮುಗಿಯುವತನಕ ಕಾಯುತ್ತಾರೆ. ಗಾದಿ ಹೊಲಿಯುವ ದಾದಾಸಾಬರ ಹಿತ್ತಲಲ್ಲಿ ಎರಡು ಕೋಣೆ ಇವೆಯೆಂದು ಹಾಗೆಯೇ ಗೊತ್ತಾಯಿತು. ಜೂನ್ ೨೦, ಗುರುವಾರ, ಸಂಜೆ ೫ ಗಂಟೆ ೧೦ ನಿಮಿಷಕ್ಕೆ ಹೋದೆವು. ದಾದಾಸಾಬರು ಹತ್ತಿ ಹಿಂಜುತ್ತಿದ್ದರು. ಮಾತಿಗೆ ಬಂದದ್ದು ಅವರ ಹೆಂಡತಿ ಮಾಬೂಬಿ. ನಾನು ಛತ್ರಿ ಹಿಡಿದು ಹಿಂದೆ ನಿಂತೆ.

ಮಾಬೂಬಿ ಬೇರೆಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದಳು, ಹದಿನೇಳು. ಹೆಂಡತಿ ಹೆಸರೇನು, ಕೂಸಿಗೆ ಹಲ್ಲು ಬಂದಾವೇನು, ಗೊರಕಿ ಹೊಡಿತೀರೇನು. ಒಂದೊಂದಕ್ಕೂ ಉತ್ತರ ಬರುವತನಕ ಸುಮ್ಮನಿದ್ದಳು. ಹದಿನೈದನೆಯದು ಬಂತು: "ಮಾಸ್ತರ, ಕೂದಲ ಹಿಂಗ ಹುಟ್ಟಿನಿಂದಾನ?"

ಅಜ್ಞಾನ, ಕ್ರಮಸಂಖ್ಯೆ ನಾಲ್ಕು. ನನ್ನ ರಕ್ತ ಕುದಿಯಿತು. ಆಣೆಯ ನೆನಪಾಗಿ ಛತ್ರಿಯ ಹಿಡಿಕೆಯನ್ನು ಕಚ್ಚಿ ಹಿಡಿದೆ.

"ಹೌದಮ್ಮ, ನಮ್ಮ ಕಡೆ ಎಲ್ಲರದ್ದೂ ಹೀಗೆಯೇ," ಎಂದರು ಸುಬ್ರಾಯರು.

"ನಮ್ಮ ಸಣ್ಣಾಕಿದೂ ಸುರುಳಿ ರೀ. ಬಾಚಣಿಗಿ ಮುರಿತಾವ ಹೊರತು ಕೂದಲ ಬಗ್ಗಂಗಿಲ್ಲ, ದಿನಾ ಅಳತಾಳ. ನಿಮ್ಮ ಮನಿಯಾಕಿ ಹೆಂಗ ಬಾಚತಾರ? ಬಂದ ಮ್ಯಾಲೆ ನನಗೊಂದಿಷ್ಟು ಕಲಿಸಿ ಕೊಡ್ತಾರೇನು?"

ನಾನು ಛತ್ರಿಯನ್ನು ಬಾಯಿಂದ ತೆಗೆದೆ.

"ಇವರ್ಯಾಕ ಮಾತಾಡವಲ್ರು?" ಎಂದು ಮಾಬೂಬಿ ನನ್ನ ಕಡೆ ತಿರುಗಿದಳು. "ಮಾತು ಬರಂಗಿಲ್ಲೇನು, ಪಾಪ?"

"ಬರ್ತದಮ್ಮ. ಸ್ವಲ್ಪ ವಿಶ್ರಾಂತಿ ಕೊಟ್ಟಿದ್ದೇವೆ."

"ಇವರಿಗೂ ಮನಿ ಇಲ್ಲೇನು?"

"ಇತ್ತು. ಭಾಷಣ ಮಾಡಿ ಕಳಕೊಂಡ್ರು."

ಆಕೆ ಒಳಗೆ ಹೋಗಿ ಮೂರು ಬಶಿ, ಮೂರು ಕಪ್ಪು ತಂದಳು. ಎಲ್ಲವೂ ಒಂದೇ ನಮೂನೆ. ಸುಬ್ರಾಯರ ಮುಂದೆ ಸುಮ್ಮನೆ ಇಟ್ಟಳು. ನನ್ನ ಮುಂದೆ ಹಿಡಿದು, ಒಂದು ಗಳಿಗೆ ತಡೆದು ಕೇಳಿದಳು: "ನೀವು ನಮ್ಮ ಮನಿ ಚಾ ಕುಡಿತೀರೋ, ಇಲ್ಲೋ?"

ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಯಾರೂ ಇಂಥದ್ದು ಕೇಳಿರಲಿಲ್ಲ. ಕೇಳಿಸಿಕೊಳ್ಳಬೇಕಾಗುವ ಮನೆಗೆ ನಾನು ಹೋಗಿಯೇ ಇರಲಿಲ್ಲ. ಕುಡಿದೆ. ಕಪ್ಪು ಕೆಳಗಿಡುವಾಗ ಸುಬ್ರಾಯರು ನನ್ನನ್ನು ನೋಡುತ್ತಿದ್ದರು. ಅವರು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬಹುಶಃ ನಮ್ಮ ನಡುವೆ ನಡೆದ ಮೊದಲ ಸಂಭಾಷಣೆ ಅದೇ ಇರಬೇಕು.

ದೊಡ್ಡ ಕೋಣೆ ಸುಬ್ರಾಯರಿಗೆ. ಅದಕ್ಕೆ ಅಂಟಿಕೊಂಡ, ಹತ್ತಿ ತುಂಬಿಡುವ ಸಣ್ಣ ಕೋಣೆ ನನಗೆ, ಅವರ ಶಿಫಾರಸಿನ ಮೇಲೆ. ಗೆಳೆಯನಿಗೆ ಮನೆ ಕೊಡಿಸಲು ಹೊರಟವನಿಗೆ ಗೆಳೆಯನೇ ಮನೆ ಕೊಡಿಸಿದ. ಸುಣ್ಣದ ಮಾತು ಯಾರೂ ಎತ್ತಲಿಲ್ಲ.

ಜೂನ್ ೨೩, ಭಾನುವಾರ, ೧೧ ಗಂಟೆ ೨೫ ನಿಮಿಷಕ್ಕೆ ಬಸ್ಸು ಬಂತು. ಸುಬ್ರಾಯರ ಹೆಂಡತಿ ಮಗುವಿನೊಂದಿಗೆ ಇಳಿದು ಕಟ್ಟೆಯ ಮೇಲೆ ಕೂತರು. ಮಗು ಅಪ್ಪನನ್ನು ನೋಡಿ ಅಳಲು ತುಟಿ ಸೊಟ್ಟ ಮಾಡಿತು. ಸುಬ್ರಾಯರು ಎತ್ತಿಕೊಳ್ಳಲು ಹೋಗಲಿಲ್ಲ. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಕಾದರು. ನಾಲ್ಕು ನಿಮಿಷಕ್ಕೆ ಅದು ತಾನಾಗಿಯೇ ಕೈ ಚಾಚಿ, ಇಸ್ತ್ರಿಯ ಅಂಗಿಯ ಜೇಬನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿತು. ಆ ದಿನ ಅವರು ಆ ಅಂಗಿಗೆ ಮತ್ತೆ ಇಸ್ತ್ರಿ ಮಾಡಲಿಲ್ಲ.

ಇದಾಗಿ ಐದು ತಿಂಗಳಾಯಿತು. ಸುಬ್ರಾಯರಿಗೂ ಮಾಬೂಬಿಗೂ ನಾನು ಋಣಿ. ಗೌರವ್ವನಿಗೂ, ಯಾಕೆಂದರೆ ಆಕೆ ನನ್ನ ನಲವತ್ತು ನಿಮಿಷವನ್ನು ಪೂರ್ತಿ ಕೇಳಿದಳು. ಆಕೆಯ ಮಾತನ್ನು ನಾನು ಒಂದು ನಿಮಿಷವೂ ಕೇಳಿರಲಿಲ್ಲ. ಈಗ ಅಭ್ಯಾಸ ನಡೆಸಿದ್ದೇನೆ. ನಡುವೆ ಬಾಯಿ ಹಾಕದೆ ಇನ್ನೊಬ್ಬರ ಮಾತು ಕೇಳಿಸಿಕೊಂಡ ನನ್ನ ಈವರೆಗಿನ ದಾಖಲೆ ಆರು ನಿಮಿಷ ಇಪ್ಪತ್ತು ಸೆಕೆಂಡು, ಅದೂ ಛತ್ರಿ ಕಚ್ಚಿಕೊಂಡು. ಇದಕ್ಕಿಂತ ಉತ್ತಮ ಉಪಾಯ ಬಲ್ಲವರು ದಯವಿಟ್ಟು ಕಾಗದ ಬರೆದು ತಿಳಿಸಬೇಕು. ಖುದ್ದಾಗಿ ಬರಬೇಡಿ. ಬಂದರೆ ನಾನು ಮಾತಾಡಲು ಶುರು ಮಾಡುತ್ತೇನೆ.